ಬರ್ತೀನಿ ಅಂದವನ ಎಲೆ

ಭಾದ್ರಪದದ ಹುಣ್ಣಿಮೆ ಕಳೆದು ಪಿತೃಪಕ್ಷ ಹುಟ್ಟಿತೆಂದರೆ ತೂಬಗೆರೆ ಸುತ್ತಿನ ಊರುಗಳಲ್ಲಿ ಅದು ಸತ್ತವರು ಮನೆಗೆ ಬರುವ ಕಾಲ. ಗೋಡೆಗೆ ಸುಣ್ಣ ಬಳಿಯುತ್ತಾರೆ, ಫೋಟೋದ ಗಾಜು ಒರೆಸುತ್ತಾರೆ. ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಹೋದವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದನ್ನೇ ಎಡೆ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಉಣ್ಣುವವರನ್ನು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆಯುವ ಮೊದಲು ಒಮ್ಮೆ ಕೆಮ್ಮಬೇಕು. ಬಂದವರು ಎದ್ದು ಹೋಗಲಿ ಎಂದು. ದೇವರ ಮುಂದೆಯಾದರೂ ನಾವು ಬಾಯಿ ಬಿಟ್ಟು ಕೇಳುತ್ತೇವೆ, ಸತ್ತವರ ಮುಂದೆ ಬರೀ ಕೆಮ್ಮುತ್ತೇವೆ.

ಪಿಳ್ಳಮ್ಮನ ಮನೆಯಲ್ಲಿ ಪ್ರತಿ ವರ್ಷ ಮೂರು ಎಲೆ. ಮಾವನದು, ಅತ್ತೆಯದು, ಗಂಡ ಗಂಗಣ್ಣನದು. ಈ ವರ್ಷ ನಾಲ್ಕನೆಯದನ್ನೂ ಹಾಸಬೇಕೆಂದು ಹೇಳಲು ಗಂಗಣ್ಣನ ತಮ್ಮ ಗೋಪಾಲಪ್ಪ ಪಕ್ಷದ ಮೊದಲ ವಾರವೇ ಬಂದು ಜಗಲಿಯ ಮೇಲೆ ಕೂತ.

ನಾಲ್ಕನೆಯದು ಪಿಳ್ಳಮ್ಮನ ಮಗ ನವೀನ್‌ಕುಮಾರನದು. ದ್ರಾಕ್ಷಿ ತುಂಬಿದ ಗಾಡಿ ಓಡಿಸುತ್ತಿದ್ದ ಹುಡುಗ. ಎರಡು ಮಳೆಗಾಲದ ಹಿಂದೆ, ಕೇರಳದ ಕಡೆಗೆ ಇಳಿಯುವ ಘಾಟಿಯಲ್ಲಿ ಗುಡ್ಡ ಜರಿದು, ರಸ್ತೆ ಇದ್ದ ಜಾಗದಲ್ಲಿ ಹೊಳೆ ಹರಿಯಿತು. ಗಾಡಿ ಸಿಕ್ಕಿತು. ಅವನ ಒಂದು ಚಪ್ಪಲಿಯೂ ಸಿಕ್ಕಿತು. ಮೈ ಮಾತ್ರ ಸಿಕ್ಕಲಿಲ್ಲ.

"ಅತ್ತಿಗೆ, ನೀನು ಎಲೆ ಹಾಕ್ದೆ ಇದ್ರೆ ಅವ್ನು ಅಲ್ಲೂ ಸಲ್ಲಲ್ಲ, ಇಲ್ಲೂ ಸಲ್ಲಲ್ಲ," ಎಂದ ಗೋಪಾಲಪ್ಪ. "ಅವ್ರಪ್ಪ, ಅವ್ರ ತಾತ ಎಲ್ಲಾ ಒಳಗೆ ಉಣ್ತಾ ಕೂತಿರ್ತಾರೆ. ಇವ್ನು ಬಾಗಿಲಾಚೆ ನಿಂತ್ಕೊಂಡಿರ್ತಾನೆ. ಹಸ್ಕೊಂಡು. ಅದು ಬೇಕಾ ನಿಂಗೆ?"

"ಬದುಕಿರೋನಿಗೆ ಎಡೆ ಇಕ್ಕಿದ್ರೆ ಆಯಸ್ಸು ಕಿತ್ಕೊಂಡಂಗೆ ಗೋಪಾಲಪ್ಪ. ಅದು ಬೇಕಾ ನಿಂಗೆ?"

"ಎಲ್ಲವ್ನೆ ಬದುಕಿ?"

"ಬರ್ತೀನಿ ಅಂದವ್ನೆ."

ಗೋಪಾಲಪ್ಪ ಟವಲು ಕೊಡವಿ ಎದ್ದ. "ಎಲ್ಲಾರೂ ಅಂತಾರೆ ಅತ್ತಿಗೆ. ನಾನೂ ಈಗ ಅಂತೀನಿ. ಬರ್ತೀನಿ."

"ಹೋಗಿ ಬಾ," ಎಂದಳು ಪಿಳ್ಳಮ್ಮ.

ಆ ಮಾತಿನಲ್ಲಿ ಅವಳಿಗೆ ಅಷ್ಟು ನಂಬಿಕೆ. ಮಗ ಹೊರಟ ಬೆಳಿಗ್ಗೆ ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು. ತಲೆ ಎತ್ತಿ ನೋಡಿರಲಿಲ್ಲ. ಹಿತ್ತಿಲ ಬಾಗಿಲಿನಿಂದ "ಅವ್ವಾ, ಬರ್ತೀನಿ" ಎಂಬ ದನಿಯಷ್ಟೇ ಬಂತು, "ಹೋಗಿ ಬಾ ಮಗ" ಎಂದು ಇವಳೂ ಅಂದಳು. ಕೊಟ್ಟ ಮಾತು, ಒಪ್ಪಿದ ಮಾತು. ಘಾಟಿ ಸುಬ್ರಹ್ಮಣ್ಯನಿಗೆ, ಊರವರ ಸುಬ್ಬಪ್ಪನಿಗೆ, ಹರಕೆ ಹೊತ್ತು ಪಡೆದ ಮಗ ಅಂದ ಮಾತು ಸುಳ್ಳಾಗುವುದಾದರೆ ಸುಬ್ಬಪ್ಪನ ಮಾತೂ ಸುಳ್ಳಾಗಬೇಕಲ್ಲ ಎಂದು ಅವಳ ಲೆಕ್ಕ. ಆ ಲೆಕ್ಕದ ಇನ್ನೊಂದು ತುದಿಯಲ್ಲಿ ಸೊಸೆ ಶಶಿರೇಖಾಳ ಹಣೆಯ ಕುಂಕುಮ ಇತ್ತು. ನಾಲ್ಕನೆಯ ಎಲೆ ಹಾಸಿದ ದಿನ ಅದು ಯಾಕಿದೆ ಎಂದು ಊರು ಕೇಳುತ್ತದೆ. ಶಶಿರೇಖಾ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ದೇವನಹಳ್ಳಿ ರಸ್ತೆಯ ಫೋನು ಫ್ಯಾಕ್ಟರಿಗೆ ಬೆಳಿಗ್ಗೆ ಬಸ್ಸು ಹತ್ತುವಳು, ಸಂಜೆ ಇಳಿಯುವಳು, "ನೀವು ಹೇಳ್ದಂಗೆ ಅತ್ತೆ" ಎನ್ನುವಳು.

ಅದೇ ಫ್ಯಾಕ್ಟರಿಯ ಇಂಜಿನಿಯರು ಲಿನ್. ತೈವಾನಿನ ಹುಡುಗಿ. ಶಶಿರೇಖಾಳ ಜೊತೆ ಬಂದು ಮಹಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ಊರು ಅವಳನ್ನು ಲಿನ್ನಮ್ಮ ಮಾಡಿತ್ತು. ಬಂದ ಹೊಸದರಲ್ಲಿ, ಶಶಿರೇಖಾ ಕಲಿಸಿದ ಕನ್ನಡವನ್ನು ಜೋಡಿಸಿಕೊಂಡು, ಹೊಸಿಲ ಬಳಿ ನಿಂತು "ಅಮ್ಮ, ಹೋಗ್ತೀನಿ" ಎಂದಿದ್ದಳು. ಪಿಳ್ಳಮ್ಮ ಕೈಯಲ್ಲಿದ್ದ ಮೊರವನ್ನು ಹಾಗೇ ಬಿಟ್ಟು ಓಡಿ ಬಂದಿದ್ದಳು.

"ಬಿಡ್ತು ಅನ್ನು! ಮನೆಯಿಂದ ಹೊರಡೋವಾಗ ಹೋಗ್ತೀನಿ ಅಂತಾರಾ? ಬರ್ತೀನಿ ಅನ್ನು."

"ಆದ್ರೆ ನಾನು ಹೋಗ್ತಾ ಇದೀನಿ ಅಮ್ಮ."

"ಹೋಗೋವಾಗ್ಲೇ ಅನ್ನೋದು ಕಣೆ ಹುಚ್ಚಿ. ಬಂದಮೇಲೆ ಯಾರು ಅಂತಾರೆ?"

ಲಿನ್ ನಗುತ್ತಾ "ಬರ್ತೀನಿ, ಬರ್ತೀನಿ" ಎಂದು ಬಸ್ಸಿನ ತನಕ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಬಸ್ಸಿನಲ್ಲಿದ್ದವರೆಲ್ಲ ಬರ್ತೀನಿ ಮೇಡಮ್ಮು ಎಂದು ಕರೆಯಲು ಶುರುಮಾಡಿದರು.

ಗೋಪಾಲಪ್ಪ ಬಂದುಹೋದ ಮೇಲಿನ ಭಾನುವಾರ ಪಿಳ್ಳಮ್ಮನ ಮನೆಯಲ್ಲಿ ರೇಷ್ಮೆ ಗೂಡು ಬಿಡಿಸುವ ಕೆಲಸ. ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳನ್ನು ಜಗಲಿಗೆ ಒರಗಿಸಿ, ಹುಳು ನೂತುಕೊಂಡ ಗೂಡುಗಳನ್ನು ಶಶಿರೇಖಾ ಒಂದೊಂದಾಗಿ ಕಿತ್ತು ಮಂಕರಿಗೆ ಹಾಕುತ್ತಿದ್ದಳು. ರಜೆಯಿದ್ದ ಲಿನ್ ಅವಳ ಪಕ್ಕ ಕೂತು ತಾನೂ ಕೀಳುತ್ತಿದ್ದಳು. ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಪ್ಯಾರೇಜಾನರು ಬೆಳೆ ಹೇಗಿದೆ ನೋಡೋಣವೆಂದು ಬಂದಿದ್ದರು. ಗಂಗಣ್ಣನ ಕಾಲದಿಂದ ಆ ಮನೆಗೆ ಬೇಕಾದವರು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಮುನಿವೆಂಕಟಪ್ಪ ಮೇಷ್ಟ್ರು ಅವರ ದನಿ ಕೇಳಿ ನಿಂತರು.

"ಬನ್ನಿ ಮೇಷ್ಟ್ರೆ, ಕೂತ್ಕೊಳ್ಳಿ," ಎಂದಳು ಪಿಳ್ಳಮ್ಮ.

ಮೇಷ್ಟ್ರು ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಅವರ ಅಪ್ಪ ಈ ಜಗಲಿಯನ್ನು ಒಂದು ದಿನವೂ ಹತ್ತಿದವರಲ್ಲ. ಬೀದಿಯಲ್ಲೇ ನಿಂತು ಕೂಗುತ್ತಿದ್ದವರು. ಮೇಷ್ಟ್ರು ನಾಗಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದು ಎಷ್ಟೋ ವರ್ಷವಾಗಿತ್ತು. ಯಾಕೆ ಹೋದಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಮೊದ್ಲು ಕೂತ್ಕೊಳ್ಳೋಕೆ ಜಾಗ ಸಿಗ್ತದೆ ಅಂತ ಹೋದೆ ಕಣಪ್ಪ. ಕೂತ ಮೇಲೆ ಅವ್ನು ಹೇಳೋದು ಕೇಳಿಸ್ತು."

ಪ್ಯಾರೇಜಾನರು ಮಂಕರಿಯಿಂದ ಒಂದು ಗೂಡು ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗಿನ ಹುಳು ಬದುಕಿದೆಯೋ ಸತ್ತು ಅಂಟಿಕೊಂಡಿದೆಯೋ ಎಂದು ಗೂಡು ಕೊಳ್ಳುವವರು ಸದ್ದಿನಲ್ಲೇ ನೋಡುತ್ತಾರೆ.

"ಪಿಳ್ಳಕ್ಕಾ, ಈ ಸಲ ಗೂಡು ಬೊಂಬಾಟು."

"ಅದನ್ನ ಹೇಳ್ತೀಯಲ್ಲ ಪ್ಯಾರಣ್ಣ, ಇದನ್ನೂ ಒಸಿ ಹೇಳು. ನಮ್ಮ ನವೀನ ಇರೋನಾ, ಹೋದೋನಾ?"

ಪ್ಯಾರೇಜಾನರ ಕೈ ಕಿವಿಯ ಹತ್ತಿರವೇ ನಿಂತಿತು. ಗೂಡನ್ನು ಮೆಲ್ಲಗೆ ಮಂಕರಿಗೆ ಇಟ್ಟರು.

"ಆ ಗೂಡು ನನ್ನ ಕೈಗೆ ಸಿಗೋದಲ್ಲಕ್ಕ. ನಾವೆಲ್ಲಾ ಅಲ್ಲಾನ ಮಾಲು. ಅವ್ನು ಕೊಟ್ಟ, ಅವನ ಹತ್ರಾನೇ ವಾಪಸ್. ಯಾವಾಗ, ಎಲ್ಲಿ ಅಂತ ನಮ್ಮನ್ನ ಕೇಳಿ ಕರ್ಕೊಳ್ಳಲ್ಲ. ತಲೆ ಬಾಗಿಸ್ಬೇಕು, ಅಷ್ಟೇ."

"ಹಂಗಾದ್ರೆ ಎಡೆ?"

"ನಮ್ಮಲ್ಲಿ ಎಡೆ ಗಿಡೆ ಇಲ್ಲ. ಹೋದೋರು ಉಣ್ಣೋಕೆ ಬರಲ್ಲ. ಕಯಾಮತ್ ದಿನ ಎಲ್ಲಾರ್ನೂ ಎಬ್ಬಿಸ್ತಾನೆ, ಮಾಡಿದ್ದು ಕೇಳ್ತಾನೆ. ಅಲ್ಲೀಗಂಟ ನಮ್ಮ ಕೈಲಿ ಇರೋದು ದುವಾ ಒಂದೇ. ನವೀನನ ಹೆಸರಲ್ಲಿ ನಾನು ಮಾಡ್ತಾನೇ ಇದೀನಿ. ದುವಾಗೆ ಇರೋನಾ ಹೋದೋನಾ ಗೊತ್ತಿರಬೇಕು ಅಂತಿಲ್ಲಕ್ಕ. ಇದ್ರೂ ಮುಟ್ತದೆ, ಹೋಗಿದ್ರೂ ಮುಟ್ತದೆ."

"ವಿಳಾಸ ಇಲ್ದೆ ಮುಟ್ಟೋ ಪೋಸ್ಟು ಅನ್ನಿ," ಎಂದರು ಮೇಷ್ಟ್ರು.

"ನಮ್ಮ ಪೋಸ್ಟ್‌ಮ್ಯಾನ್‌ಗೆ ಎಲ್ಲಾ ಮನೇನೂ ಗೊತ್ತು ಮೇಷ್ಟ್ರೆ. ನಿಮ್ಮ ಬುದ್ಧ ಪೋಸ್ಟಾಫೀಸೇ ಮುಚ್ಚಿಬಿಟ್ಟನಲ್ಲ!"

ಮೇಷ್ಟ್ರು ಜೋರಾಗಿ ನಕ್ಕರು. ಪ್ಯಾರೇಜಾನರೂ ನಕ್ಕರು. ಪಿಳ್ಳಮ್ಮ ನಗಲಿಲ್ಲವೆಂದು ಗೊತ್ತಾದಾಗ ಇಬ್ಬರೂ ನಿಲ್ಲಿಸಿದರು.

"ನೀವಾದ್ರೂ ಹೇಳಿ ಮೇಷ್ಟ್ರೆ. ಓದಿದೋರು."

ಮೇಷ್ಟ್ರು ಮಂಕರಿಯಿಂದ ತಾವೂ ಒಂದು ಗೂಡು ಎತ್ತಿಕೊಂಡರು. ಬೇಗ ಉತ್ತರ ಹೇಳುವವರಲ್ಲ ಅವರು. "ಪಿಳ್ಳಮ್ಮನೋರೆ, ಕೂಡಿ ಆದದ್ದೆಲ್ಲ ಒಂದಿನ ಬಿಡಿಬಿಡಿಯಾಗ್ತದೆ. ಒಂದು ದೀಪದಿಂದ ಇನ್ನೊಂದು ದೀಪ ಹತ್ತಿಸಿದಂಗೆ ಕರ್ಮ ಮುಂದಕ್ಕೆ ಹೋಗ್ತದೆ. ಆದ್ರೆ ಇವ್ನೇ ನವೀನ ಅಂತ ಗಂಟು ಕಟ್ಟಿ ಇಟ್ಕೊಳ್ಳೋವಂಥದ್ದು ಒಳಗೆ ಏನೂ ಇಲ್ಲ. ಎಡೆ ಇಟ್ರೆ ಯಾರಿಗೆ ಇಟ್ಟಂಗಾಯ್ತು? ದುಃಖ ಇದೆ, ಇಲ್ಲ ಅನ್ನಲ್ಲ. ಅದಕ್ಕೆ ಬೇರು ಆಸೆ. ಬರ್ತಾನೆ ಅನ್ನೋ ಆಸೆ. ಅದನ್ನ ಒಸಿ ಸಡಿಲ ಮಾಡಿ ನೋಡಿ."

"ಅದೊಂದು ಬಿಟ್ರೆ ಅವನದು ಅಂತ ನನ್ನ ಕೈಲಿ ಇನ್ನೇನೈತೆ ಮೇಷ್ಟ್ರೆ?"

ಮೇಷ್ಟ್ರು ಕೆಳಗೆ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ನೋಡಿದರು.

ಅಷ್ಟು ಹೊತ್ತೂ ಲಿನ್ ಅರ್ಧ ತಾನೇ ತಿಳಿದುಕೊಂಡು, ಉಳಿದರ್ಧವನ್ನು ಶಶಿರೇಖಾಳಿಂದ ಪಿಸುಮಾತಿನಲ್ಲಿ ಕೇಳಿಕೊಳ್ಳುತ್ತಿದ್ದಳು. ಈಗ ಪಿಳ್ಳಮ್ಮ ಅವಳ ಕಡೆ ತಿರುಗಿದಳು. "ನಿಮ್ಮೂರಲ್ಲಿ ಹೆಂಗೆ ಲಿನ್ನಮ್ಮ?"

"ನಮ್ಮ ಮನೇಲಿ," ಲಿನ್ ಮಾತು ಹುಡುಕಿದಳು, "ಅಪ್ಪ, ಕುಂಗ್ ಗುರು. ಅಜ್ಜ, ತಾವೋ. ಅಜ್ಜಿ, ಬುದ್ಧ. ಒಂದೇ ಮನೆ."

"ಜಗಳ ಆಡಲ್ವಾ?" ಎಂದರು ಪ್ಯಾರೇಜಾನರು.

"ಆಡ್ತಾರೆ. ಟಿವಿಗೆ."

ಕುಂಗ್ ಗುರು ಅಂದರೆ ಕನ್‌ಫ್ಯೂಷಿಯಸ್ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಸ್ವರ್ಗ ನರಕದ ಚಿಂತೆ ಅವನದಲ್ಲ, ಮನೆಯಲ್ಲಿ ಊರಲ್ಲಿ ಯಾರು ಯಾರಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದಷ್ಟೇ ಅವನ ಧರ್ಮ ಎಂದರು. ಲಿನ್ ತಲೆಯಾಡಿಸಿದಳು. ತಮ್ಮ ಮನೆಯ ದೇವರ ಗೂಡಿನಲ್ಲಿ ಹಿರಿಯರ ಹೆಸರು ಬರೆದ ಮರದ ಹಲಗೆಗಳಿವೆ. ಅಪ್ಪ ದಿನಾ ಅದರ ಮುಂದೆ ಊದುಬತ್ತಿ ಹಚ್ಚುತ್ತಾರೆ. ಹಬ್ಬದಲ್ಲಿ ಅನ್ನ, ಮಾಂಸ, ಹಣ್ಣು ಇಡುತ್ತಾರೆ. ಹಿರಿಯರು ಎದುರಿಗೇ ಕೂತಿರುವ ಹಾಗೆ ಬಡಿಸುತ್ತಾರೆ ಎಂದಳು.

ಪಿಳ್ಳಮ್ಮನ ಮುಖ ಅಷ್ಟಿಷ್ಟು ಬೆಳಗಿತು. "ನೋಡಿದ್ರಾ! ಸಮುದ್ರದಾಚೆಯೋರು, ನಮ್ಮಂಗೇ ಅವ್ರೆ. ಹಂಗಾದ್ರೆ ಹೇಳು ಮಗ, ಮಗನಿಗೆ ತಾಯಿ ಹೆಂಗೆ ಇಕ್ಕಬೇಕು?"

ಲಿನ್ ಗೂಡು ಕೀಳುವುದನ್ನು ನಿಲ್ಲಿಸಿದಳು. "ಅಮ್ಮ ಇಡಲ್ಲ."

"ಯಾಕೆ?"

"ಮಗ, ಅಮ್ಮನಿಗೆ ಇಡ್ಬೇಕು. ಎಲ್ಲರಿಗೂ ಅವರ ಜಾಗ. ಅಮ್ಮ ಅಮ್ಮನ ಜಾಗ, ಮಗ ಮಗನ ಜಾಗ. ಮಗ ಮೊದಲು ಹೋದ್ರೆ ಅಮ್ಮ ಕೈ ಮುಗಿಯೋ ಹಾಗಿಲ್ಲ. ಅದು," ಅವಳು ಶಶಿರೇಖಾಳ ಮುಖ ನೋಡಿ ಒಂದು ಮಾತು ಕೇಳಿಕೊಂಡಳು, "ಅದು ಮಗನ ತಪ್ಪು."

"ಸತ್ತಿದ್ದಕ್ಕೂ ಬೈಸ್ಕೋಬೇಕಾ ನನ್ನ ಮಗ," ಎಂದಳು ಪಿಳ್ಳಮ್ಮ. ಸತ್ತ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಎಲ್ಲರೂ ಕೇಳಿಸಿಕೊಂಡರು. ಅವಳಿಗೆ ಮಾತ್ರ ಗೊತ್ತಾದಂತಿರಲಿಲ್ಲ.

ಲಿನ್ ಗಾಬರಿಯಾಗಿ ಬೇರೆ ಮಾತು ತಂದಳು. "ಅಜ್ಜ ಹಾಗಲ್ಲ ಅಮ್ಮ. ಅಜ್ಜ ಒಳ್ಳೇದು ಹೇಳ್ತಾರೆ. ಹಿಡೀಬೇಡ, ತಡೀಬೇಡ. ನೀರಿನ ಹಾಗೆ ಇರು. ತಾವೋ ಕರ್ಕೊಂಡು ಹೋಗುತ್ತೆ."

"ತಾವೋ ಅಂದ್ರೆ ಯಾವ ದೇವ್ರು?"

"ದೇವರಲ್ಲ. ತಾವೋ ಅಂದ್ರೆ..." ಅವಳಿಗೆ ಆ ಶಬ್ದ ಚೆನ್ನಾಗಿ ಗೊತ್ತಿತ್ತು. ದಿನವೂ ಬಸ್ಸಿನಲ್ಲಿ ಕೇಳುತ್ತಿದ್ದಳು. ಸಂತೋಷದಿಂದಲೇ ಹೇಳಿದಳು. "ದಾರಿ!"

ಶಶಿರೇಖಾಳ ಕೈಯಲ್ಲಿದ್ದ ಗೂಡು ಜಾರಿ ಜಗಲಿಯ ಅಂಚಿನಿಂದ ಬೀದಿಗೆ ಉರುಳಿತು.

"ದಾರಿ ಕರ್ಕೊಂಡು ಹೋಗಿರೋದೇ ಕಣವ್ವ," ಎಂದಳು ಪಿಳ್ಳಮ್ಮ.

ಲಿನ್‌ಗೆ ತಾನು ಏನು ಅಂದೆನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು, ತಿಳಿದ ಮೇಲೆ ತಲೆ ಎತ್ತಲಿಲ್ಲ.

ಪ್ಯಾರೇಜಾನರು ಹೊರಡಲು ಎದ್ದಾಗ ಪಿಳ್ಳಮ್ಮ ಅವರ ಹಿಂದೆಯೇ ಬೀದಿಯ ತನಕ ಹೋದಳು. "ಪ್ಯಾರಣ್ಣ, ನಿಮ್ಮಲ್ಲಿ ಹಿಂಗೆ ಕಾಣದಂಗೆ ಹೋದ್ರೆ ಎಷ್ಟು ದಿನ ಅಂತ ಕಾಯ್ತಾರೆ?"

"ಹೆಂಡ್ತಿಗೆ ಒಂದು ಗಡುವು ಇಟ್ಟವ್ರೆ ಅಕ್ಕ, ತಿಳಿದೋರು. ಅಷ್ಟು ವರ್ಷ ಕಾದ್ರೆ ಆಯ್ತು, ಆಮೇಲೆ ಅವಳ ದಾರಿ ಅವಳಿಗೆ."

"ತಾಯಿಗೆ?"

ಪ್ಯಾರೇಜಾನರು ಸ್ಕೂಟರಿನ ಬೀಗದ ಕೈಯನ್ನು ತಿರುಗಿಸದೆ ಹಾಗೇ ಹಿಡಿದುಕೊಂಡು ನಿಂತರು. "ತಾಯಿಗೆ ಗಡುವು ಇಟ್ಟಿಲ್ಲಕ್ಕ. ಬರ್ತೀನಿ."

"ಹೋಗಿ ಬಾ."

ಜಗಲಿಯ ಮೇಲಿಂದ ಶಶಿರೇಖಾ ಕೇಳಿಸಿಕೊಂಡಳು. ಗೂಡು ಕೀಳುತ್ತಲೇ ಇದ್ದಳು.

ಅವತ್ತಿನಿಂದ ಪಿಳ್ಳಮ್ಮ ಯಾರನ್ನೂ ಕೇಳಲು ಹೋಗಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯ ದೀಪವನ್ನೇ ತಂದು ತೋರಿಸಿದ್ದರು. ಯಾವುದೂ ಸುಳ್ಳು ದೀಪವಲ್ಲ. ಆದರೆ ಅವಳು ಹುಡುಕುತ್ತಿದ್ದ ಮೂಲೆಗೆ ಯಾವುದರ ಬೆಳಕೂ ಬೀಳಲಿಲ್ಲ. ಸುಬ್ಬಪ್ಪನೂ ಏನೂ ಹೇಳಲಿಲ್ಲ. ದೇವರು ಉತ್ತರ ಕೊಡದಿರುವುದೂ ಒಂದು ಉತ್ತರವೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಾಯಿಯಾದವಳಿಗೆ ಅದು ಸಾಲುವುದಿಲ್ಲ. ಮೂರೇ ಎಲೆ ಹಾಸುವುದೆಂದು ಅವಳು ನಿಶ್ಚಯ ಮಾಡಿದಳು. ಬರ್ತೀನಿ ಅಂದವ್ನೆ. ಅಷ್ಟಕ್ಕೆ ಬಿಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಲಿನ್ ಫ್ಯಾಕ್ಟರಿಯಿಂದ ಬೇಗ ಬಂದಳು. ಬಸ್ಸಿನಲ್ಲಲ್ಲ, ಕಾರಿನಲ್ಲಿ. ಕಂಪನಿ ಅವಳನ್ನು ವಿಯೆಟ್ನಾಮಿನ ಫ್ಯಾಕ್ಟರಿಗೆ ವರ್ಗ ಮಾಡಿತ್ತು, ಅವತ್ತೇ ವಿಮಾನ. ಮಹಡಿಯಿಂದ ಎರಡು ಸೂಟ್‌ಕೇಸು ಇಳಿದವು. ಶಶಿರೇಖಾ ಇನ್ನೂ ಪಾಳಿಯಲ್ಲಿದ್ದಳು. ಪಿಳ್ಳಮ್ಮ ಅಡಿಗೆಮನೆಯಿಂದ ಒಂದು ಪೊಟ್ಟಣ ಹುರಿದ ಕಡ್ಲೆಬೀಜ ಕಟ್ಟಿ ತಂದಳು. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು, ಬಗ್ಗಿ ಕಾಲು ಮುಟ್ಟಿದಳು, ಹೊಸಿಲು ದಾಟಿದಳು. ಕಾರಿನ ಬಾಗಿಲು ತೆಗೆದಿತ್ತು. ಡ್ರೈವರು ಗಡಿಯಾರ ನೋಡುತ್ತಿದ್ದ. ಅವಳು ಏನೋ ಮರೆತವಳಂತೆ ಹಿಂತಿರುಗಿ ಬಂದು, ಹೊಸಿಲಿಗೆ ಸರಿಯಾಗಿ ನಿಂತು, ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು.

"ಅಮ್ಮ, ಬರ್ತೀನಿ."

"ಹೋಗಿ ಬಾ ಮಗ," ಎಂದಿತು ಪಿಳ್ಳಮ್ಮನ ಬಾಯಿ.

ಆಮೇಲೆ ಅವಳಿಗೆ ಆ ಮಾತು ಕೇಳಿಸಿತು.

ಹುಡುಗಿಯ ಮುಖ ನೋಡಿದಳು. ಕಣ್ಣು ತುಂಬಿತ್ತು. ಬರುವವರು ಯಾರೂ ಹಾಗೆ ನೋಡುವುದಿಲ್ಲ. ಬರುವುದಿಲ್ಲವೆಂದು ಹುಡುಗಿಗೂ ಗೊತ್ತು, ಪಿಳ್ಳಮ್ಮನಿಗೂ ಗೊತ್ತು, ಗಡಿಯಾರ ನೋಡುತ್ತಿದ್ದ ಡ್ರೈವರಿಗೂ ಗೊತ್ತು. ಆದರೂ ಆಡಿದಳು. ಸುಳ್ಳಾಡಿದಳೇ? ಇಲ್ಲ. ಉಳಿಯುವವರಿಗೆ ನೋವಾಗದಿರಲಿ ಎಂದು ಆಡುವ ಮಾತು ಅದು. ಬರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಆ ಹುಡುಗಿಗೆ ಕಲಿಸಿದವಳು ತಾನೇ.

ಕಾರು ತಿರುಗಿ ಹೋಯಿತು. ಪಿಳ್ಳಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅಲ್ಲೇ ಕೆಳಗೆ ಕೂತಳು. ಶಶಿರೇಖಾ ಬಸ್ಸಿಳಿದು ಬಂದಾಗಲೂ ಅಲ್ಲೇ ಇದ್ದಳು.

"ನಾಳೆ ಇನ್ನೊಂದು ಎಲೆ ಕುಯ್ಕೊಂಡ್ ಬಾ," ಎಂದಳು.

ಶಶಿರೇಖಾ ಚೀಲ ಕೆಳಗಿಡಲಿಲ್ಲ. "ನೀವು ಹೇಳ್ದಂಗೆ ಅತ್ತೆ," ಎಂದಳು. ಬಲಗೈ ತಾನಾಗಿ ಹಣೆಯ ಕಡೆಗೆ ಹೋಯಿತು. ಪಿಳ್ಳಮ್ಮ ಕೂತಲ್ಲಿಂದಲೇ ಅವಳ ಸೆರಗು ಜಗ್ಗಿದಳು. "ಅದನ್ನ ನೀನು ಹುಟ್ಟಿದ ಮನೆಯಿಂದ್ಲೇ ಇಟ್ಕೊಂಡು ಬಂದಿದ್ದು. ಇರ್ಲಿ ಬಿಡು." ಶಶಿರೇಖಾ ಕೈ ಇಳಿಸಿದಳು. ಇಟ್ಟುಕೊಳ್ಳುವುದಕ್ಕೂ ಅಳಿಸುವುದಕ್ಕೂ ಅವಳಲ್ಲಿ ಶಕ್ತಿ ಉಳಿದಿದ್ದಂತೆ ಕಾಣಲಿಲ್ಲ.

ಮಾರನೆಯ ದಿನ ಒಲೆಯ ಮುಂದೆ ಇನ್ನೊಂದು ತೊಡಕು ಬಂತು. "ಅವ್ರಿಗೆ ಏನು ಮಾಡ್ಲಿ ಅತ್ತೆ?" ಎಂದು ಶಶಿರೇಖಾ ಕೇಳಿದಳು.

"ಅವರೇಕಾಳು ಸಾರು. ಬೆರಳು ಚೀಪ್ತಿದ್ದ."

"ಇಲ್ಲ ಅತ್ತೆ, ಅವ್ರು ಅವರೇಕಾಳು ತಟ್ಟೆಯಂಚಿಗೆ ಸರಿಸ್ತಿದ್ರು. ನೀವು ಬೇಜಾರ್ ಮಾಡ್ಕೋತೀರ ಅಂತ ನಿಮ್ಮೆದುರಿಗೆ ಉಣ್ತಿದ್ರು."

ಪಿಳ್ಳಮ್ಮ ಒಲೆಯನ್ನೇ ನೋಡುತ್ತಾ ಕೂತಳು. ಇದೂ ಬರ್ತೀನಿ ಅಂದಂಥದೇ. ಕೊನೆಗೆ ಕೋಳಿ ಸಾರು, ಮುದ್ದೆ ಎಂದಾಯಿತು. ಎಲ್ಲರ ಎಲೆಗೂ ಬಿದ್ದದ್ದೇ ಅವನ ಎಲೆಗೂ ಬಿತ್ತು.

ಗೋಪಾಲಪ್ಪ ಬಂದು ಧೂಪ ಹಾಕಿ, ಕಾಯಿ ಒಡೆದ. ಗಂಗಣ್ಣನ ಎಲೆಯ ಪಕ್ಕ ಬೀಡಿ ಕಟ್ಟು ಇಟ್ಟ. ಗೋಡೆಗೆ ಒರಗಿಸಿದ್ದ ನವೀನ್‌ಕುಮಾರನ ಫೋಟೋ ಗಾಡಿಯ ಮುಂದೆ ನಿಂತು ತೆಗೆಸಿಕೊಂಡದ್ದು. ಅದೊಂದೇ ಅವರ ಬಳಿ ಚೆನ್ನಾಗಿದ್ದದ್ದು. ಎಲ್ಲರೂ ಹೊರಗೆ ಬಂದರು, ಬಾಗಿಲು ಮುಚ್ಚಿದರು.

ಜಗಲಿಯ ಮೇಲೆ ಬಿಸಿಲು ಸರಿಯಿತು. ಗೋಪಾಲಪ್ಪ ಎರಡು ಸಲ ಪಿಳ್ಳಮ್ಮನ ಮುಖ ನೋಡಿದ. ಮನೆಯ ಹಿರಿಯಳು ಅವಳೇ, ಕೆಮ್ಮಬೇಕಾದವಳೂ ಅವಳೇ. ಅವಳು ಕೆಮ್ಮಲಿಲ್ಲ. ಕೆಮ್ಮಿದರೆ ಮಗ ಎದ್ದು ಹೋಗುತ್ತಾನೆ. ಕೊನೆಗೆ ಗೋಪಾಲಪ್ಪನೇ ಕೆಮ್ಮಿ ಬಾಗಿಲು ನೂಕಿದ.

ಹಿರಿಯರು ಬಂದುಹೋದರೆಂಬುದಕ್ಕೆ ನಮ್ಮ ಕಡೆ ಎಲೆಯಲ್ಲಿ ಗುರುತು ನೋಡುತ್ತಾರೆ. ಮುದ್ದೆಯ ಮೇಲ್ಭಾಗ ಬಿರಿದಿದ್ದರೆ, ಇರುವೆ ಬಂದಿದ್ದರೆ, ಉಂಡರು ಎಂದು ಸಮಾಧಾನ. ಮಾವನ ಎಲೆಗೆ ಇರುವೆ ಸಾಲು ಹತ್ತಿತ್ತು. ಅತ್ತೆಯ ಎಲೆಯಿಂದ ಗಂಗಣ್ಣನ ಎಲೆಗೂ ಅದೇ ಸಾಲು ದಾಟಿತ್ತು. ಅಲ್ಲಿಗೆ ನಿಂತಿತ್ತು. ನಾಲ್ಕನೆಯ ಎಲೆ ಬಡಿಸಿದ ಹಾಗೇ ಇತ್ತು.

ಗೋಪಾಲಪ್ಪ ಹೊರಗೆ ಹೋದ. ಶಶಿರೇಖಾ ಮೊಣಕಾಲೂರಿ ಎಲೆಯ ಹತ್ತಿರಕ್ಕೆ ಬಗ್ಗಿದಳು. ಅವಳ ದನಿ ಎಂದಿಲ್ಲದಷ್ಟು ಸಣ್ಣದಾಗಿತ್ತು. "ಅತ್ತೆ, ಮುಟ್ಟಿಲ್ಲ. ಅಂದ್ರೆ ಅವ್ರು..."

"ಸುಮ್ಕಿರು."

"ಇರ್ಬೋದಲ್ವಾ ಅತ್ತೆ?"

"ಸುಮ್ಕಿರು ಅಂದೆ. ಅಲ್ಲಿದ್ರೂ ಬರ್ಲಿಲ್ಲ. ಇಲ್ಲಿದ್ರೂ ಬರ್ಲಿಲ್ಲ. ಎಲೆ ಎತ್ತು."

ಶಶಿರೇಖಾ ಎತ್ತಲಿಲ್ಲ. ಪಿಳ್ಳಮ್ಮನೇ ಮಗನ ಎಲೆಯ ಮುಂದೆ ಕೂತು, ತಣ್ಣಗಾದ ಮುದ್ದೆಯನ್ನು ಮುರಿದು ಉಂಡಳು. ಎಡೆಯ ಅನ್ನವನ್ನು ಚೆಲ್ಲುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನ ಹಾರ್ನು ಕೇಳಿಸಿತು. ಶಶಿರೇಖಾ ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು ಹೊಸಿಲು ದಾಟಿದಳು. ಪಿಳ್ಳಮ್ಮ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು.

"ಅತ್ತೆ, ಬರ್ತೀನಿ."

ಪಿಳ್ಳಮ್ಮ ತಲೆ ಎತ್ತಿ ಸೊಸೆಯನ್ನು ಪೂರ್ತಿಯಾಗಿ ನೋಡಿದಳು, ಹಣೆಯಿಂದ ಕಾಲಿನ ತನಕ.

"ಹ್ಞೂಂ," ಎಂದಳು. "ಹೋಗು."

ಶಶಿರೇಖಾ ನಿಂತಳು. "ಬಿಡ್ತು ಅನ್ನಿ ಅತ್ತೆ."

ಪಿಳ್ಳಮ್ಮ ಹುಲ್ಲಿನ ಹೊರೆಯ ಕಡೆಗೆ ತಿರುಗಿದಳು. ಬಸ್ಸು ಇನ್ನೊಂದು ಸಲ ಹಾರ್ನು ಮಾಡಿತು. ಹೋಗಿ ಬಾ ಎಂಬ ಆ ಮಾತು ಬಂದರೆ ಹೋಗೋಣವೆಂದು ಶಶಿರೇಖಾ ಅಂಗಳದಲ್ಲಿ ಕಾಯುತ್ತಾ ನಿಂತಳು.